ಬೋಂಡನ ತಳಿಚೀಟಿ

ಚಾಲಕರಿಲ್ಲದ ಸಾಮಾನು ಬಂಡಿಗಳು ಗಂಧದಕಟ್ಟೆಯ ಬೀದಿಗಳಿಗೆ ಇಳಿದ ಮೊದಲ ವರ್ಷ ಅವಕ್ಕೆ ಎಲ್ಲವೂ ಅರ್ಥವಾಯಿತು, ನಾಯಿಯೊಂದನ್ನು ಬಿಟ್ಟು. ಹಳ್ಳ ಬಿದ್ದ ರಸ್ತೆ ಅರ್ಥವಾಯಿತು. ಎಡಕ್ಕೆ ಕೈ ತೋರಿಸಿ ಬಲಕ್ಕೆ ತಿರುಗುವ ಸ್ಕೂಟರು ಅರ್ಥವಾಯಿತು. ನಡುರಸ್ತೆಯಲ್ಲಿ ಹುರುಳಿ ಒಕ್ಕಣೆ ಹರಡಿ ಮನೆಗೆ ಊಟಕ್ಕೆ ಹೋದವರ ಉದ್ದೇಶ ಕೂಡ ಎರಡೇ ತಿಂಗಳಲ್ಲಿ ಅರ್ಥವಾಯಿತು. ಆದರೆ ನಾಯಿ ಎದುರಾದರೆ ಬಂಡಿ ನಿಂತುಬಿಡುತ್ತಿತ್ತು. ಈ ಪ್ರಾಣಿ ಮುಂದಿನ ಕ್ಷಣ ಏನು ಮಾಡೀತು ಎಂಬುದು ಅದರ ಊಹೆಗೆ ಸಿಗುತ್ತಿರಲಿಲ್ಲ. ನಾಯಿ ಬಂಡಿಯನ್ನು ಸುತ್ತ ಮೂಸಿ, ಚಕ್ರಕ್ಕೆ ಕಾಲೆತ್ತಿ, ತೃಪ್ತಿಯಾಗಿ ಹೊರಡುವಷ್ಟರಲ್ಲಿ ಹಿಂದೆ ಹದಿನೇಳು ಬಂಡಿ ಸಾಲುಗಟ್ಟಿರುತ್ತಿದ್ದವು. ಅತ್ತ ಮನೆಗಳಲ್ಲಿ ಹೆಂಗಸರು ಬೇಳೆ ಬರಲಿಲ್ಲವೆಂದು ಒಲೆ ಆರಿಸಿ ಕೂತಿರುತ್ತಿದ್ದರು.

ಮೇಲಿನವರು ಯೋಚಿಸಿ ಒಂದು ಉಪಾಯ ಕಂಡುಹಿಡಿದರು. ಒಂದೊಂದು ನಾಯಿಯ ಗುಣವನ್ನೂ ಬಂಡಿಗೆ ಕಲಿಸಲಾಗದು. ಆದರೆ ಲ್ಯಾಬ್ರಡಾರ್ ಎಂದರೆ ಬಾಲವಾಡಿಸಿ ಅಡ್ಡ ಮಲಗುತ್ತದೆ, ಮುಧೋಳ ಎಂದರೆ ಓಡಿದ್ದನ್ನೆಲ್ಲ ಅಟ್ಟಿಸಿಕೊಂಡು ಹೋಗುತ್ತದೆ, ಪಮೇರಿಯನ್ ಎಂದರೆ ಕಾರಣವಿಲ್ಲದೆ ಬೊಗಳುತ್ತದೆ, ಹೀಗೆ ನಲವತ್ತು ತಳಿಗಳ ಸ್ವಭಾವ ಕಲಿಸಬಹುದು. ಊರಿನ ಪ್ರತಿ ನಾಯಿಯ ಕೊರಳಿಗೂ ತಳಿಚೀಟಿ ಕಟ್ಟಿದರೆ ಬಂಡಿ ಅದನ್ನು ದೂರದಿಂದಲೇ ಓದಿಕೊಂಡು ದಾರಿ ಮಾಡಿಕೊಳ್ಳುತ್ತದೆ. ಯಾವ ತಳಿಗೂ ನೂರಕ್ಕೆ ಅರವತ್ತರಷ್ಟು ಹೊಂದದ ನಾಯಿ ಊರಲ್ಲಿರುವಂತಿಲ್ಲ. ಅಂಥವುಗಳಿಗೆ ನಲವತ್ತು ಕಿಲೋಮೀಟರಾಚೆ, ಕಲ್ಲುಕ್ವಾರಿಯ ಹಿಂದೆ, 'ಶ್ವಾನವನ'ವಿತ್ತು. ಕರಪತ್ರದ ಚಿತ್ರದಲ್ಲಿ ಅಲ್ಲಿ ಹುಲ್ಲುಗಾವಲು ಕಾಣುತ್ತಿತ್ತು. ಹೋಗಿ ನೋಡಿ ಬಂದವರು ಯಾರೂ ಆಮೇಲೆ ಚಿತ್ರದ ಮಾತೆತ್ತಲಿಲ್ಲ.

ತಳಿ ನೋಡುವ ಯಂತ್ರವನ್ನು ಪುರಸಭೆಯ ಹಳೇ ಜನನ ಮರಣ ವಿಭಾಗದ ಕೋಣೆಯಲ್ಲಿ ಕೂರಿಸಿದ್ದರು. ನಡುವೆ ಮೊಣಕಾಲೆತ್ತರದ ಕಟ್ಟೆ, ಸುತ್ತ ಆರು ಕ್ಯಾಮೆರಾ, ನೆತ್ತಿಯ ಮೇಲೊಂದು ಮೈಕು. ಮೊದಲು ರೂಪ ನೋಡುವುದು: ಕಿವಿ ನಿಂತಿದೆಯೋ ಜೋತಿದೆಯೋ, ಹಣೆಯಿಂದ ಮೂತಿಗೆ ಎಷ್ಟು ಇಳಿಜಾರು, ಎದೆ ಎಷ್ಟು ಆಳ, ಬಾಲ ಎಷ್ಟು ಸುರುಳಿ. ಆಮೇಲೆ ಗುಣ: ಪಕ್ಕದಲ್ಲಿ ಸ್ಟೀಲ್ ತಟ್ಟೆ ಬೀಳಿಸುವುದು, ಮುಖದೆದುರು ಛತ್ರಿ ಬಿಚ್ಚುವುದು, ಬಿಸ್ಕತ್ತು ಇಟ್ಟು ಕಾಯಿಸುವುದು, ಕೊನೆಗೆ ಮನೆಯವರೇ ಕರೆದು ಕೂರಿಸುವುದು. ಹತ್ತು ನಿಮಿಷದಲ್ಲಿ ಪಕ್ಕದ ಸಂದಿಯಿಂದ ಚೀಟಿ ಹೊರಬರುತ್ತಿತ್ತು.

ಯಂತ್ರಕ್ಕೆ ಇದನ್ನೆಲ್ಲ ಕಲಿಸಿದವಳು ಪುರಸಭೆಯ ತಾಂತ್ರಿಕ ಸಹಾಯಕಿ ಸರ್ವಮಂಗಳ. ಕಲಿಸುವುದು ಎಂದರೆ ಪಾಠ ಹೇಳುವುದಲ್ಲ, ತೋರಿಸುವುದು. ಆರು ತಿಂಗಳು ಕ್ಯಾಮೆರಾ ಹೊತ್ತು ಬಂಗಲೆ ಬಂಗಲೆಗೆ ಹೋಗಿ ತಳಿನಾಯಿಗಳನ್ನೂ, ಬೀದಿ ಬೀದಿ ಸುತ್ತಿ ಊರನಾಯಿಗಳನ್ನೂ ಚಿತ್ರಿಸಿ ತಂದು ತೋರಿಸಿದ್ದಳು. ಇದು ಇಂಥ ತಳಿ, ಇದು ತಳಿಯಿಲ್ಲದ್ದು ಎಂದಷ್ಟೇ ಹೇಳಿದ್ದಳು. ಯಾವುದನ್ನು ನೋಡಿ ಗುರುತಿಸಬೇಕೆಂಬುದನ್ನು ಯಂತ್ರವೇ ಕಂಡುಕೊಳ್ಳಬೇಕು. ಏನು ಕಂಡುಕೊಂಡೆ ಎಂದು ಅದು ಹೇಳುವುದಿಲ್ಲ. ಮಕ್ಕಳೂ ಹಾಗೇ, ನಾವು ಕಲಿಸಿದ್ದು ಒಂದು, ಅವು ಕಲಿತದ್ದು ಒಂದು ಎಂಬುದು ಗೊತ್ತಾಗುವುದು ನೆಂಟರ ಎದುರಿಗೆ.

ಮಂಗಳನ ಮನೆಯಲ್ಲಿ ಅವಳು, ಒಂಬತ್ತು ವರ್ಷದ ಮಗಳು ಧಾತ್ರಿ, ಅತ್ತೆ ಕೆಂಪಾಜಮ್ಮ. ಗಂಡನಿಗೆ ಬಂದರಿನಲ್ಲಿ ಕೆಲಸ, ತಿಂಗಳಿಗೆರಡು ಸಲ ಬಂದು ಹೋಗುವವನು. ಇವರ ಜೊತೆಗೆ ಬೋಂಡ. ಧಾತ್ರಿಗೆ ಮೂರು ವರ್ಷದ ಹಿಂದೆ ಬೋಂಡದಂಗಡಿಯ ಬೆಂಚಿನಡಿ ಸಿಕ್ಕ ಮರಿ. ಒಂದು ಕಿವಿ ನಿಂತಿದ್ದು ಇನ್ನೊಂದು ಮಡಚಿಕೊಂಡಿತ್ತು. ಮುಂಗಾಲು ಒಂದು ನಾಯಿಯದು, ಹಿಂಗಾಲು ಇನ್ನೊಂದು ನಾಯಿಯದು ಎನ್ನುವಂತಿತ್ತು. ಬಣ್ಣ ಮಾತ್ರ ಹೆಸರಿಗೆ ಸರಿಯಾಗಿತ್ತು.

ಬೋಂಡನನ್ನು ಕಟ್ಟೆಯ ಮೇಲೆ ನಿಲ್ಲಿಸಿದ ದಿನ ಧಾತ್ರಿ ಅದಕ್ಕೆ ಸ್ನಾನ ಮಾಡಿಸಿ ಪೌಡರು ಹಾಕಿ ಕರೆತಂದಿದ್ದಳು. ತಟ್ಟೆಗೆ ಅದು ಹೆದರಲಿಲ್ಲ. ಛತ್ರಿಯ ಬುಡವನ್ನು ನೆಕ್ಕಿತು. ಬಿಸ್ಕತ್ತನ್ನು ಇಟ್ಟದ್ದೂ ತಿಂದದ್ದೂ ಒಟ್ಟಿಗೇ ಆಯಿತು. ಕೊನೆಗೆ ಧಾತ್ರಿ, "ಬಾರೋ ಬಂಗಾರ, ಕೂತ್ಕೋ ನೋಡನ, ಜಾಣ ಮರಿ" ಎಂದಳು. ಬೋಂಡ ಕೂತಿತು. ಯಂತ್ರ ಚೀಟಿ ಕೊಟ್ಟಿತು: ತಳಿಯಿಲ್ಲ, ಹೊಂದಿಕೆ ನೂರಕ್ಕೆ ಹನ್ನೆರಡು.

"ಹನ್ನೆರಡಾ?" ಎಂದಳು ಧಾತ್ರಿ. "ನಂಗೆ ಗಣಿತದಲ್ಲೇ ಅದಕ್ಕಿಂತ ಜಾಸ್ತಿ ಬಂದಿತ್ತಲ್ಲಮ್ಮ!"

ಹದಿನೈದು ದಿನದೊಳಗೆ ಇನ್ನೊಂದೇ ಒಂದು ಮರುಪರೀಕ್ಷೆಗೆ ಅವಕಾಶವಿತ್ತು. ಅದರಲ್ಲೂ ಹೋದರೆ ಶ್ವಾನವನದ ವ್ಯಾನು ಮನೆ ಬಾಗಿಲಿಗೇ ಬರುತ್ತಿತ್ತು. ಆಗಲೇ ನಲವತ್ತಮೂರು ನಾಯಿಗಳು ಆ ವ್ಯಾನು ಹತ್ತಿದ್ದವು. ಆ ರಾತ್ರಿ ಊಟಕ್ಕೆ ಧಾತ್ರಿ ಬರಲಿಲ್ಲ, ಧಾತ್ರಿ ಬರಲಿಲ್ಲವೆಂದು ಬೋಂಡ ಬರಲಿಲ್ಲ, ಇಬ್ಬರೂ ಬರಲಿಲ್ಲವೆಂದು ಕೆಂಪಾಜಮ್ಮ ಸೊಸೆಯ ತಟ್ಟೆಗೆ ಮುದ್ದೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟರು.

"ನೀನೇ ಸಾಕಿದ ಮಿಷನ್ನು, ನೀನೇ ಸಾಕಿದ ನಾಯಿ. ಎಲ್ಡಕ್ಕೂ ಒಂದ್ ಮಾತು ಹೇಳಕ್ಕಾಗಕಿಲ್ವಾ ನಿಂಗೆ?"

"ಅತ್ತೆ, ಅದು ಹಾಗೆಲ್ಲ ಮಾತು ಕೇಳಲ್ಲ."

"ಯಾವ್ದು? ನಾಯಿಯಾ, ಮಿಷನ್ನಾ?"

ಮಂಗಳನಿಗೆ ಅನುಮಾನ ಬಂದದ್ದು ಮರುದಿನ. ಬೆಳಿಗ್ಗೆ ಇಂಗ್ಲಿಷ್ ಕಾನ್ವೆಂಟಿನ ವಾಚ್‌ಮನ್ ಮರಿಸ್ವಾಮಿ ಶಾಲೆಯ ಗೇಟಿನ ನಾಯಿಯನ್ನು ತಂದ. ಮೈಯ ಅರ್ಧ ಕೂದಲು ಉದುರಿದ್ದ ನಾಯಿ. "ಕಮ್, ಕಮ್, ಸಿಟ್ ಡೌನ್ ಬೇಬಿ" ಎಂದ, ಮೇಡಮ್ಮುಗಳಿಂದ ಕಲಿತ ದನಿಯಲ್ಲಿ. ಗೋಲ್ಡನ್ ರಿಟ್ರೀವರ್, ಎಂಬತ್ತೊಂದು. ಮರಿಸ್ವಾಮಿ ಚೀಟಿಯನ್ನೂ ನಾಯಿಯನ್ನೂ ಮೂರು ಸಲ ನೋಡಿ, ಯಾರಾದರೂ ಮನಸ್ಸು ಬದಲಾಯಿಸುವ ಮೊದಲು ಹೊರಟುಹೋದ.

ಹನ್ನೊಂದು ಗಂಟೆಗೆ ಕಲ್ಯಾಣಮಂಟಪದ ಸಾಹುಕಾರ ಗುರುಮಲ್ಲಪ್ಪನವರ ಕಾರು ಬಂತು. ಹಿಂದಿನ ಸೀಟಿನಲ್ಲಿ ಅವರ ಲ್ಯಾಬ್ರಡಾರ್ ಡ್ಯೂಕ್, ಅದರ ಪಕ್ಕ ಅಡುಗೆಯ ಸಾಕಮ್ಮ. ಡ್ಯೂಕ್‌ಗೆ ಎಂಟು ವರ್ಷದಿಂದ ಅನ್ನ ಹಾಕಿದವಳು ಅವಳೇ ಆದ್ದರಿಂದ ಕರೆದು ಕೂರಿಸುವ ಕೆಲಸ ಅವಳಿಗೇ ಬಂತು. "ಕೂತ್ಕಳೋ ಡೂಕಣ್ಣ, ಎಲ್ಲಾರ್ ಮುಂದೆ ಮರ್ವಾದೆ ಕಳೀಬ್ಯಾಡ" ಎಂದಳು. ಡ್ಯೂಕ್ ಗಂಭೀರವಾಗಿ ಕೂತಿತು. ತಳಿಯಿಲ್ಲ, ಇಪ್ಪತ್ತಮೂರು.

"ರೀ ಮಂಗಳಮ್ಮ!" ಸಾಹುಕಾರರ ದನಿಗೆ ಪಕ್ಕದ ಕಂದಾಯ ಕೋಣೆಯವರು ಎದ್ದು ಬಂದರು. "ಇದರ ಅಪ್ಪ ಶೋನಲ್ಲಿ ಕಪ್ ಗೆದ್ದಿದ್ದಾನೆ ಕಣ್ರೀ! ಇದರ ಮುತ್ತಜ್ಜಿ ಹೆಸರೂ ಕಾಗದದಲ್ಲಿದೆ. ನನ್ನ ಮುತ್ತಜ್ಜಿ ಹೆಸರೇ ನಂಗೊತ್ತಿಲ್ಲ. ಬೀದಿನಾಯಿ ಅಂತದಲ್ಲ ನಿಮ್ಮ ಡಬ್ಬ!"

ಊಟದ ಬಿಡುವಿನಲ್ಲಿ ಮಂಗಳ ಬಾಗಿಲು ಹಾಕಿಕೊಂಡು ಯಂತ್ರದ ಒಳದಾಖಲೆ ತೆರೆದಳು. ಪರೀಕ್ಷೆಯ ಯಾವ ಕ್ಷಣದಲ್ಲಿ ಯಂತ್ರ ಮನಸ್ಸು ಮಾಡಿತೋ ಅಲ್ಲಿ ಕೆಂಪು ಗೆರೆ ಬೀಳುವ ಏರ್ಪಾಡು ಅದರಲ್ಲಿತ್ತು. ಕಿವಿಯ ಹತ್ತಿರ ಕೆಂಪಿಲ್ಲ. ಮೂತಿಯ ಹತ್ತಿರ ಇಲ್ಲ. ತಟ್ಟೆ ಬಿದ್ದಾಗ, ಛತ್ರಿ ಬಿಚ್ಚಿದಾಗ ಇಲ್ಲ. ಬೋಂಡನ ದಾಖಲೆಯಲ್ಲಿ ಧಾತ್ರಿ "ಬಾರೋ ಬಂಗಾರ" ಎಂದ ಕಡೆ, ಡ್ಯೂಕ್‌ನದರಲ್ಲಿ ಸಾಕಮ್ಮ "ಕೂತ್ಕಳೋ" ಎಂದ ಕಡೆ, ಗೇಟಿನ ನಾಯಿಯದರಲ್ಲಿ ಮರಿಸ್ವಾಮಿ "ಕಮ್" ಎಂದ ಕಡೆ, ಅಲ್ಲಿ ಮಾತ್ರ ಗೆರೆಗಳು ಮುತ್ತಿಕೊಂಡಿದ್ದವು.

ಅವಳು ಆರು ತಿಂಗಳ ಚಿತ್ರಣಗಳನ್ನು ಒಂದೊಂದಾಗಿ ಹಾಕಿ, ನೋಡುವುದನ್ನು ಬಿಟ್ಟು ಕೇಳಿದಳು. ಬಂಗಲೆಗಳಲ್ಲಿ ಎಲ್ಲರೂ ನಾಯಿಯೊಂದಿಗೆ ಇಂಗ್ಲಿಷಿನಲ್ಲೇ ಮಾತಾಡಿದ್ದರು. ಹೆಂಡತಿ ಮಕ್ಕಳ ಜೊತೆ ಕನ್ನಡದಲ್ಲಿ ಜಗಳವಾಡುತ್ತಿದ್ದವರು ನಾಯಿಯ ಕಡೆ ತಿರುಗಿದರೆ "ಗುಡ್ ಬಾಯ್". ಬೀದಿಯಲ್ಲಿ ಎಲ್ಲೆಲ್ಲೂ "ಹಚಾ", "ಥೂ", ಹೆಚ್ಚೆಂದರೆ "ಬಾ ಕರಿಯ". ಯಂತ್ರಕ್ಕೆ ಕಿವಿ ಬಾಲಗಳ ಲೆಕ್ಕಕ್ಕಿಂತ ಇದು ಸುಲಭವಾಗಿ ಕಂಡಿತ್ತು. ಇಂಗ್ಲಿಷು ಕೇಳಿಸಿದರೆ ತಳಿನಾಯಿ, ಕನ್ನಡ ಕೇಳಿಸಿದರೆ ತಳಿಯಿಲ್ಲದ್ದು.

ಅವಳಿಗೆ ನೋವಾದದ್ದು ಅದಕ್ಕಲ್ಲ. ಆ ಚಿತ್ರಣಗಳಲ್ಲಿ ಅತಿ ಹೆಚ್ಚು ಕೇಳುತ್ತಿದ್ದದ್ದು ಅವಳದೇ ದನಿ. ಬಂಗಲೆಯಲ್ಲಿ "ಕಮ್ ಸ್ವೀಟಿ, ಲುಕ್ ಹಿಯರ್" ಎಂದು ಜೇನು ಸುರಿಸಿದ್ದಳು. ಅದೇ ದಿನ ಮೀನು ಮಾರ್ಕೆಟ್ಟಿನ ಹಿಂದೆ, ಬಾಲವಾಡಿಸುತ್ತ ಹತ್ತಿರ ಬಂದ ಬಡಕಲು ನಾಯಿಗೆ "ಹಚ್! ನಡಿಯಾಚೆ ದರಿದ್ರವೇ" ಎಂದಿದ್ದಳು. ಮನೆಯಲ್ಲಿ ಬೋಂಡನನ್ನಿಟ್ಟುಕೊಂಡು!

ಸಂಜೆ ಅವಳು ಆರೋಗ್ಯ ನಿರೀಕ್ಷಕ ನಂಜುಂಡಾರಾಧ್ಯರ ಮುಂದೆ ಎಲ್ಲವನ್ನೂ ಹೇಳಿದಳು. ಅವರು ಕಿಟಕಿ ಮುಚ್ಚಿದರು.

"ಇದುವರೆಗೆ ಎಷ್ಟು ಚೀಟಿ ಕೊಟ್ಟಿದ್ದೀವಿ?"

"ಎರಡು ಸಾವಿರದ ಎಂಟುನೂರು ಚಿಲ್ಲರೆ, ಸಾರ್."

"ಎಲ್ಲದರ ಮೇಲೂ ಯಾರ ಸಹಿ ಇದೆ?"

"ನನ್ನದು."

"ನೋಡಮ್ಮ, ನಾನು ರಿಟೈರ್ ಆಗೋಕೆ ಏಳು ತಿಂಗಳಿದೆ. ಇದನ್ನ ನಾನು ಕೇಳಿಸ್ಕೊಂಡಿಲ್ಲ." ಅವರು ದನಿ ತಗ್ಗಿಸಿದರು. "ನಿಮ್ಮ ಮನೇಲೂ ಒಂದು ನಾಯಿ ಇದೆಯಲ್ಲ? ನಾಲ್ಕು ಇಂಗ್ಲಿಷ್ ಮಾತು ಕಲಿಸಿ. ಮಗು ಖುಷಿಯಾಗಿರುತ್ತೆ."

ಮಂಗಳ ಮನೆಗೆ ಬರುವ ಮುನ್ನ ಒಂದು ಕೆಲಸ ಮಾಡಿ ನೋಡಿದ್ದಳು. ಮೈಕಿನ ದನಿಯನ್ನು ಬಿಟ್ಟು, ಉಳಿದ ದಾಖಲೆಯಿಂದಷ್ಟೇ ಹೊಸದಾಗಿ ಲೆಕ್ಕ ಮಾಡಲು ಹೇಳಿದ್ದಳು. ಡ್ಯೂಕ್‌ಗೆ ತೊಂಬತ್ತು ಬಂತು. ಬೋಂಡನಿಗೆ ಮೂವತ್ತೊಂದು. ಯಂತ್ರ ಸರಿಹೋದರೆ ಬೋಂಡ ಹೋಗುತ್ತದೆ. ಯಂತ್ರ ಹೀಗೇ ಕೆಟ್ಟಿದ್ದರೆ ಬೋಂಡ ಉಳಿಯುತ್ತದೆ. ಆರಾಧ್ಯರ ಕೈಕೆಳಗಿನ ಮೂರು ವರ್ಷದಲ್ಲಿ ಮೊದಲ ಬಾರಿಗೆ ಅವಳು ಮೇಲಧಿಕಾರಿಯ ಮಾತು ಕೇಳಿದಳು.

ಮನೆಯಲ್ಲಿ ಇಂಗ್ಲಿಷು ಶುರುವಾಯಿತು. ಧಾತ್ರಿ ಟೀಚರು, ಬೋಂಡ ಮತ್ತು ಕೆಂಪಾಜಮ್ಮ ವಿದ್ಯಾರ್ಥಿಗಳು. ಹಗಲೆಲ್ಲ ಬೋಂಡನ ಜೊತೆಗಿರುವವರು ಅಜ್ಜಿಯೇ ಆದ್ದರಿಂದ ಅವರು ಪಾಸಾಗದೆ ಅದು ಪಾಸಾಗುವಂತಿರಲಿಲ್ಲ.

"ಸಿಟ್ ಅಂದ್ರೆ ಏನಮ್ಮಿ?"

"ಕೂತ್ಕೋ ಅಂತ ಅಜ್ಜಿ."

"ಕೂತ್ಕ ಅಂದ್ರೆ ಕೂತ್ಕತದಲ್ಲ. ಇನ್ನೇನ್ ಬೇಕಂತೆ ಆ ಡಬ್ಬಕ್ಕೆ?"

"ಅಜ್ಜಿ, ನೀನು ಕನ್ನಡ ಮಾತಾಡಿದ್ರೆ ಬೋಂಡನ್ನ ಹಿಡ್ಕೊಂಡೋಗ್ತಾರೆ!"

ಆ ಬೆದರಿಕೆ ನಾಟಿತು. ಮೂರನೆಯ ದಿನಕ್ಕೆ ಹಿತ್ತಲಿನಿಂದ "ಕಮ್ಮು ಕಣ್ಲಾ, ಈಟು ಮುದ್ದೆ, ಆರೋಯ್ತದೆ" ಎಂದು ಕೇಳತೊಡಗಿತು. ಐದನೆಯ ದಿನಕ್ಕೆ ಅಜ್ಜಿ ಹಾಲಿನವನಿಗೂ "ಸಿಟ್ಟು, ಬತ್ತೀನಿ" ಎಂದು ಹೇಳಿ, ಅವನು ಜಗಲಿಯ ಮೇಲೆ ಕೂತೂ ಕೂತ. ಬೋಂಡ ಮೊದಮೊದಲು ಇವರೆಲ್ಲ ಯಾರೋ ಬೇರೆಯವರೆಂಬಂತೆ ಮೂಲೆಯಿಂದ ನೋಡುತ್ತಿತ್ತು. ಇಂಗ್ಲಿಷಿನಲ್ಲೂ ಅದೇ ಮುದ್ದೆಯೇ ಸಿಗುತ್ತದೆ ಎಂದು ಖಾತ್ರಿಯಾದ ಮೇಲೆ ಒಪ್ಪಿಕೊಂಡಿತು. ಹತ್ತನೆಯ ದಿನ ಧಾತ್ರಿ "ಸಿಟ್" ಎಂದರೆ ಕೂರುವುದಲ್ಲದೆ, ಕೂತು ತಲೆಯನ್ನು ಕೊಂಚ ಓರೆ ಮಾಡುತ್ತಿತ್ತು.

"ಅಮ್ಮ, ಇದು ಕಾನ್ವೆಂಟ್ ಥರಾನೇ ಕಾಣ್ತಿದೆ ಅಲ್ವಾ?" ಎಂದು ಧಾತ್ರಿ ಬಹಳ ದಿನಗಳ ಮೇಲೆ ನಕ್ಕಳು. ಮಂಗಳ ಹೌದೆಂದಳು.

ಮರುಪರೀಕ್ಷೆಯ ಹಿಂದಿನ ದಿನ ಸಾಕಮ್ಮ ಒಬ್ಬಳೇ ಕಚೇರಿಗೆ ಬಂದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಬಾಗಿಲಲ್ಲೇ ನಿಂತಳು.

"ಅಮ್ಮಾರೇ, ನಾಳೀಕೂ ಆಗ್ಲಿಲ್ಲ ಅಂದ್ರೆ ಡೂಕಣ್ಣನ್ನ ವ್ಯಾನಿಗೆ ಹತ್ಸಿಬುಡಿ, ಬ್ಯಾರೆ ಮರಿ ತತ್ತೀನಿ ಅಂದವ್ರೆ ಸಾವ್ಕಾರ್ರು. ನನ್ ಸಾವಾಸಕ್ಕೇ ಅದರ ಜಾತಿ ಕೆಡ್ತಂತೆ. ಹೌದ್ರಾ ಅಮ್ಮಾರೇ? ನನ್ನಿಂದ ಹಂಗಾಯ್ತಾ?"

"ನಾಳೆ ಹತ್ತು ಗಂಟೆಗೆ ಬನ್ನಿ" ಎಂದಷ್ಟೇ ಹೇಳಿದಳು ಮಂಗಳ. ಸಾಕಮ್ಮ ಕೈಮುಗಿದು ಹೋದಳು. ಮೈಕು ನೆತ್ತಿಯ ಮೇಲೆ ತೂಗುತ್ತಿತ್ತು. ಮಂಗಳ ಬಹಳ ಹೊತ್ತು ಅದರ ಕೆಳಗೆ, ನಾಯಿಗಳು ನಿಲ್ಲುವ ಕಟ್ಟೆಯ ಮೇಲೆ ಕೂತಿದ್ದಳು.

ಮರುದಿನ ಕೋಣೆಯ ತುಂಬ ಜನ. ಗುರುಮಲ್ಲಪ್ಪನವರ ಗಲಾಟೆಯ ಸುದ್ದಿ ಹರಡಿ ಕಂದಾಯದವರು, ನೀರು ಸರಬರಾಜಿನವರು, ಕೆಲಸವಿಲ್ಲದ ಇಬ್ಬರು ಸದಸ್ಯರು ಗೋಡೆಗೆ ಒರಗಿ ನಿಂತಿದ್ದರು. ಮೊದಲು ಬೋಂಡನ ಸರದಿ. ಧಾತ್ರಿ ಶಾಲೆಯ ಸಮವಸ್ತ್ರದಲ್ಲಿ, "ಕಮ್ ಬೋಂಡ. ಸಿಟ್. ಗುಡ್ ಬಾಯ್" ಎಂದಳು. ಬೋಂಡ ಕೂತು ತಲೆ ಓರೆ ಮಾಡಿತು. ಲ್ಯಾಬ್ರಡಾರ್, ಎಂಬತ್ತಾರು.

"ಆ ಕಾಲಿಗಾ?" ಎಂದರು ಗುರುಮಲ್ಲಪ್ಪ.

ಧಾತ್ರಿ ಕುಣಿಯುತ್ತಿದ್ದಳು. ಮಂಗಳ ಆ ಚೀಟಿಯನ್ನು ಕೈಗೆತ್ತಿಕೊಂಡಳು, ಅದರ ಮೇಲೆ ಅಡ್ಡಗೆರೆ ಎಳೆದು 'ರದ್ದು' ಎಂದು ಬರೆದಳು. ಕುಣಿತ ನಿಂತಿತು.

"ಇದು ತಪ್ಪು ಚೀಟಿ. ಇದುವರೆಗೆ ಕೊಟ್ಟಿದ್ದೆಲ್ಲ ತಪ್ಪು," ಎಂದಳು. "ಯಂತ್ರ ನೋಡ್ತಿರೋದು ನಾಯೀನ ಅಲ್ಲ. ನಾವು ಯಾವ ಭಾಷೇಲಿ ಕರೀತೀವಿ ಅನ್ನೋದನ್ನ. ಕಲಿಸಿದ್ದು ನಾನು, ತಪ್ಪು ನಂದು. ಸಾಕಮ್ಮ, ನಿಮ್ಮಿಂದ ಏನೂ ಕೆಟ್ಟಿಲ್ಲ."

"ಮಂಗಳಮ್ಮ!" ಎಂದರು ಬಾಗಿಲಲ್ಲಿ ನಿಂತಿದ್ದ ಆರಾಧ್ಯರು.

"ಸಾವ್ಕಾರ್ರೇ, ನೀವು ಡ್ಯೂಕ್‌ನ ಕರೆದು ನೋಡಿ, ಇಂಗ್ಲಿಷಲ್ಲಿ," ಎಂದಳು ಮಂಗಳ.

ಆರಾಧ್ಯರಿಗೆ ಸಿಟ್ಟು ಬಂದಾಗ ಇಂಗ್ಲಿಷು ಬರುತ್ತಿತ್ತು. ಅದು ಅವರೊಬ್ಬರದೇ ಅಭ್ಯಾಸವಲ್ಲ, ಆ ಕಟ್ಟಡದ ಎಲ್ಲ ಅಧಿಕಾರಿಗಳದ್ದೂ. ಯಂತ್ರವನ್ನು ಆರಿಸುವ ಸ್ವಿಚ್ಚು ಕಟ್ಟೆಯ ಆಚೆ ಗೋಡೆಯಲ್ಲಿತ್ತು. ಅವರು ಕಟ್ಟೆಯ ಮೇಲೆ ಹತ್ತಿ ಅತ್ತ ದಾಟುತ್ತ, ನಡುವೆ ನಿಂತು, ನೆರೆದವರ ಕಡೆ ಬೆರಳು ತೋರಿಸಿ ಗರ್ಜಿಸಿದರು: "ವಾಟ್ ನಾನ್ಸೆನ್ಸ್ ಈಸ್ ದಿಸ್! ಸ್ಟಾಪ್! ಸಿಟ್ ಡೌನ್ ಎವ್ರಿಬಡಿ! ಗೋ! ಗೋ!"

ಆರು ಕ್ಯಾಮೆರಾಗಳು ಅವರತ್ತ ತಿರುಗಿದವು. ಯಂತ್ರ ಮೆಲ್ಲಗೆ ಗುಂಯ್‌ಗುಟ್ಟಿತು. ಸಂದಿಯಿಂದ ಚೀಟಿ ಹೊರಬಂತು. ಹತ್ತಿರ ನಿಂತಿದ್ದ ಗುರುಮಲ್ಲಪ್ಪನವರೇ ಅದನ್ನು ತೆಗೆದುಕೊಂಡು ಕನ್ನಡಕ ಏರಿಸಿ, ಮದುವೆಯ ಲಗ್ನಪತ್ರಿಕೆ ಓದುವ ಗತ್ತಿನಲ್ಲಿ ಓದಿದರು:

"ಕಾಕರ್ ಸ್ಪ್ಯಾನಿಯಲ್. ಹೊಂದಿಕೆ ಎಪ್ಪತ್ತೊಂದು. ಗುಣ: ಸ್ನೇಹಶೀಲ, ಮಕ್ಕಳೊಂದಿಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಸೂಚನೆ: ವಾರಕ್ಕೊಮ್ಮೆ ಕಿವಿ ಸ್ವಚ್ಛಗೊಳಿಸಬೇಕು."

ಮೊದಲು ನಕ್ಕವಳು ಸಾಕಮ್ಮ. ಆಮೇಲೆ ಯಾರು ನಕ್ಕರು, ಯಾರು ನಗಲಿಲ್ಲ ಎಂದು ಲೆಕ್ಕವಿಡುವುದು ಕಷ್ಟವಾಯಿತು. ನೀರು ಸರಬರಾಜಿನವರೊಬ್ಬರನ್ನು ಹೊರಗೆ ಕರೆದೊಯ್ದು ಗಾಳಿ ಹಾಕಬೇಕಾಯಿತು.

ಜಿಲ್ಲೆಯಿಂದ ಆದೇಶ ಬರಲು ಎಂಟು ದಿನ ಹಿಡಿಯಿತು. ಮೈಕು ಮುಚ್ಚತಕ್ಕದ್ದು. ಕೊಟ್ಟ ಚೀಟಿಗಳೆಲ್ಲ ರದ್ದು. ಶ್ವಾನವನದ ನಾಯಿಗಳನ್ನು ಮನೆಗೆ ತಲುಪಿಸತಕ್ಕದ್ದು. ಎಲ್ಲ ನಾಯಿಗಳಿಗೂ ಮೊದಲಿನಿಂದ ಪರೀಕ್ಷೆ, ಅಲ್ಲಿಯವರೆಗೆ ಅವುಗಳ ಕೊರಳಿಗೆ 'ಪರಿಶೀಲನೆಯಲ್ಲಿದೆ' ಎಂಬ ಬಿಲ್ಲೆ. ಸರ್ವಮಂಗಳ ತಪ್ಪಿಗೆ ವಿವರಣೆ ಕೊಡತಕ್ಕದ್ದು, ಮತ್ತು ಮರುಪರೀಕ್ಷೆ ಪೂರ್ತಿ ಮುಗಿಯುವವರೆಗೆ ಸಹಾಯಕರಿಲ್ಲದೆ ಅದೇ ಕೋಣೆಯಲ್ಲಿ ದುಡಿಯತಕ್ಕದ್ದು. 'ಪರಿಶೀಲನೆಯಲ್ಲಿದೆ' ಎಂಬುದನ್ನು ಓದಿದ ಬಂಡಿಗಳು ಐದು ಕ್ಷಣ ನಿಂತು, ಗಂಟೆ ಬಾರಿಸಿ, ನಾಯಿಯನ್ನು ಬಳಸಿಕೊಂಡು ಹೋಗತೊಡಗಿದವು. ಬೇಳೆ ಹೊತ್ತಿಗೆ ಸರಿಯಾಗಿ ಬಂತು. ಇದನ್ನು ಯಾರೂ ಮೇಲಕ್ಕೆ ವರದಿ ಮಾಡಲಿಲ್ಲ.

ಧಾತ್ರಿ ಮಾತ್ರ ಎಂಟೂ ದಿನ ತಾಯಿಯ ಜೊತೆ ಮಾತು ಬಿಟ್ಟಿದ್ದಳು. ಒಂಬತ್ತನೆಯ ದಿನ ಬೆಳಿಗ್ಗೆ ಜಡೆ ಹಾಕಿಸಿಕೊಳ್ಳಲೇಬೇಕಾಗಿ ಬಂದಾಗ ಬೆನ್ನು ತಿರುಗಿಸಿಯೇ ಕೇಳಿದಳು.

"ಬೋಂಡನದು ಎಷ್ಟನೇ ನಂಬರು?"

"ಕೊನೇದು. ಎರಡು ಸಾವಿರದ ಎಂಟುನೂರ ಎಪ್ಪತ್ತನಾಲ್ಕು."

"ಯಾಕೆ ಕೊನೇದು?"

"ಕೆಲಸ ಮಾಡೋರ ಮನೇದು ಯಾವಾಗ್ಲೂ ಕೊನೇಗೆ. ಪುರಸಭೇಲಿ ಹಾಗೇ ಪದ್ಧತಿ. ನಂದು ನಾನೇ ಮೊದಲು ಮಾಡ್ಕೊಂಡ್ರೆ ನಾಲ್ಕು ಜನ ಏನಂತಾರೆ?"

"ದಿನಕ್ಕೆ ಎಷ್ಟು ನಾಯಿ?"

"ಈಗ ನಿಧಾನ. ಒಂಬತ್ತು."

ಧಾತ್ರಿ ಬೆರಳು ಮಡಚಿದಳು. "ತಿಂಗಳಿಗೆ ಇಪ್ಪತ್ತೆರಡು ದಿನ ಅಂದ್ರೆ ನೂರತೊಂಬತ್ತೆಂಟು. ಅಂದ್ರೆ ವರ್ಷದ ಮೇಲೆ ಆಗುತ್ತೆ. ಆಮೇಲೆ ಹಿಡ್ಕೊಂಡೋಗ್ತಾರೆ."

"ಹೊಸ ಮರಿಗಳು ಹುಟ್ತವಲ್ಲ, ಅವು ಆರು ತಿಂಗಳಾಗೋದ್ರೊಳಗೆ ಪರೀಕ್ಷೆ ಆಗ್ಬೇಕು. ಅದಕ್ಕೆ ಸಾಲಲ್ಲಿ ಅವು ಮುಂದೆ."

"ತಿಂಗಳಿಗೆ ಎಷ್ಟು ಮರಿ ಹುಟ್ತವೆ ನಮ್ಮೂರಲ್ಲಿ?"

"ಇನ್ನೂರಕ್ಕೆ ಕಡಿಮೆ ಇಲ್ಲ," ಎಂದಳು ಮಂಗಳ, ರಿಬ್ಬನ್ ಬಿಗಿಯುತ್ತ.

ಧಾತ್ರಿ ಇನ್ನೊಮ್ಮೆ ಬೆರಳು ಮಡಚಿದಳು. ಮಡಚಿದ ಬೆರಳುಗಳನ್ನೇ ನೋಡುತ್ತ ನಿಂತಳು. ಆಮೇಲೆ ನಿಧಾನವಾಗಿ ತಾಯಿಯ ಕಡೆ ತಿರುಗಿದಳು. ಬಾಗಿಲ ಬಳಿ ಬೋಂಡ, ಯಾರೂ ಯಾವ ಭಾಷೆಯಲ್ಲೂ ಹೇಳದಿದ್ದರೂ, ತನ್ನಷ್ಟಕ್ಕೆ ಕೂತಿತ್ತು.

ಅಂದು ಹತ್ತು ಗಂಟೆಗೆ ಮಂಗಳ ಕೋಣೆಯ ಬಾಗಿಲು ತೆರೆದು ಒಂದನೇ ನಂಬರನ್ನು ಕರೆಯುವಷ್ಟರಲ್ಲಿ, ಸೊಪ್ಪು ಮಾರುವ ಹೆಂಗಸೊಬ್ಬಳು ಸಾಲನ್ನು ಸೀಳಿಕೊಂಡು ಬಂದಳು. ತಲೆಯ ಮೇಲೆ ದೊಡ್ಡ ಬುಟ್ಟಿ. ಇಳಿಸಿದರೆ ಒಳಗೆ ಕಣ್ಣು ಬಿಟ್ಟು ವಾರವಾಗದ ಮರಿಗಳು ಒಂದರ ಮೇಲೊಂದು ಹೊರಳುತ್ತಿದ್ದವು.

"ಹನ್ನೊಂದವೆ ಕಣಕ್ಕ," ಎಂದಳು ಅವಳು, ಬೈಸಿಕೊಳ್ಳಲು ಸಿದ್ಧಳಾಗಿ. "ಇನ್ನೊಂದ್ ಬುಟ್ಟಿ ಆಟೋದಲ್ಲದೆ."

ಸಾಲಿನವರು ಗೊಣಗಿದರು. ಮಂಗಳ ಹದಿನಾಲ್ಕು ವರ್ಷದ ಸರ್ವೀಸಿನಲ್ಲಿ ಎಂದೂ ಮಾಡದ ಕೆಲಸ ಮಾಡಿದಳು. ಎದ್ದು ನಿಂತು ತನ್ನ ಕುರ್ಚಿಯನ್ನೇ ಅವಳಿಗೆ ಎಳೆದುಕೊಟ್ಟಳು.

"ಬನ್ನಿ ತಾಯಿ, ಕೂತ್ಕೊಳ್ಳಿ, ಸುಧಾರಿಸ್ಕೊಳ್ಳಿ," ಎಂದಳು. "ಒಂದೊಂದ್ರ ಹೆಸರೂ ನಿಧಾನವಾಗಿ ಬರೆಸಿ. ಏನೂ ಅವಸರ ಇಲ್ಲ."